ಐದು ಗ್ರಾಂ ಪುಡಿ ಹೊತ್ತು ನ್ಯೂಟ್ರಾನ್ ಕೇಂದ್ರಕ್ಕೆ

ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿದರೆ ಹೆಚ್ಚುಕಡಿಮೆ ಮುಕ್ಕಾಲು ಗಂಟೆಗೆ ಡಿಡ್‌ಕಾಟ್ ಪಾರ್ಕ್‌ವೇ. ಅಲ್ಲಿಂದ ಬಸ್ಸಿನಲ್ಲಿ ಹಾರ್ವೆಲ್ ಕ್ಯಾಂಪಸ್. ಸುತ್ತಲೂ ಹೊಲ, ನಡುವೆ ಕಣಗಳನ್ನು ಸುತ್ತು ಹಾಕಿಸಿ ವೇಗ ಹೆಚ್ಚಿಸುವ ಯಂತ್ರವಾದ ಡೈಮಂಡ್ ಸಿಂಕ್ರೋಟ್ರಾನ್‌ನ ದೊಡ್ಡ ಬಳೆಯಾಕಾರದ ಕಟ್ಟಡ. ಅದರ ನೆರೆಯಲ್ಲೇ ಇದೆ ರುದರ್‌ಫರ್ಡ್ ಆ್ಯಪಲ್‌ಟನ್ ಪ್ರಯೋಗಾಲಯದ ಐಸಿಸ್ ನ್ಯೂಟ್ರಾನ್ ಕೇಂದ್ರ. ಒಯ್ದ ಪುಡಿಯ ಮೇಲೆ ನ್ಯೂಟ್ರಾನ್ ಹಾಯಿಸಿ, ಒಳಗಿನ ಪರಮಾಣುಗಳ ಜೋಡಣೆಯನ್ನು ನೋಡುವ ಜಾಗ ಇದು. ಆಕ್ಸ್‌ಫರ್ಡ್‌ನಲ್ಲಿ ಹರಿಯುವ ಥೇಮ್ಸ್ ನದಿಗೂ ಐಸಿಸ್ ಎಂಬ ಹೆಸರಿದೆ. ಭಾರತೀಯ ವಿಜ್ಞಾನಿಗಳು ಇಲ್ಲಿ ಪ್ರಯೋಗ ಮಾಡಲು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಣ ಕೊಟ್ಟ ಯೋಜನೆಯನ್ನು ನಿರ್ವಹಿಸಿದ್ದು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಹಾಗಾಗಿ ಈ ದಾರಿ ಕನ್ನಡ ನಾಡಿನ ಪ್ರಯೋಗಾಲಯಗಳಿಗೆ ಹೊಸದಲ್ಲ.

ನ್ಯೂಟ್ರಾನ್ ಹುಟ್ಟುವ ಬಗೆ ಇಷ್ಟು. 163 ಮೀಟರ್ ಸುತ್ತಳತೆಯ ಸಿಂಕ್ರೋಟ್ರಾನ್‌ನಲ್ಲಿ ಪ್ರೋಟಾನ್‌ಗಳು 80 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಪಡೆದು, ಸೆಕೆಂಡಿಗೆ 50 ಸಲ ಹೊರಬಿದ್ದು, ಟ್ಯಾಂಟಲಮ್ ಹೊದಿಕೆಯ ಟಂಗ್‌ಸ್ಟನ್‌ಗೆ ಬಡಿದು ನ್ಯೂಟ್ರಾನ್‌ಗಳನ್ನು ಚಿಮ್ಮಿಸುತ್ತವೆ. ಐದು ಬಡಿತಗಳಲ್ಲಿ ನಾಲ್ಕು ಮೊದಲ ಗುರಿ ಕೇಂದ್ರಕ್ಕೆ, ಒಂದು ಎರಡನೆಯದಕ್ಕೆ. ಕಾಂತೀಯ ರಚನೆ, ಅಂದರೆ ಪರಮಾಣುಗಳೆಂಬ ಪುಟ್ಟ ಕಾಂತಗಳು ಯಾವ ದಿಕ್ಕಿಗೆ ನಿಂತಿವೆ ಎಂದು ನೋಡಲು ಹೋಗುವವರ ನಿಲ್ದಾಣ ಎರಡನೆಯದರಲ್ಲಿರುವ ವಿಶ್ ಉಪಕರಣ. ಅಲ್ಲಿ ನ್ಯೂಟ್ರಾನ್ ಮೂಲದಿಂದ ಮಾದರಿಯವರೆಗೆ 40 ಮೀಟರ್ ಓಡಬೇಕು. 4 ಆಂಗ್‌ಸ್ಟ್ರಾಮ್ ತರಂಗಾಂತರದ ನ್ಯೂಟ್ರಾನ್‌ಗೆ ಸುಮಾರು 40 ಮಿಲಿಸೆಕೆಂಡ್ ಹಿಡಿಯುತ್ತದೆ. ಮುಂದಿನ ಬಡಿತಕ್ಕೆ ಇರುವ ಬಿಡುವು 100 ಮಿಲಿಸೆಕೆಂಡ್. ಬಂದ ಹೊತ್ತೇ ತರಂಗಾಂತರವನ್ನು ಹೇಳಿಬಿಡುತ್ತದೆ.

ಆದರೆ ಪ್ರಯೋಗ ಗೆಲ್ಲುವುದು ಸೋಲುವುದು ಡಬ್ಬಿ ತುಂಬುವ ಮೇಜಿನ ಮೇಲೆ. ಡಬ್ಬಿ ಬೆರಳಿಗಿಂತ ತೆಳ್ಳಗಿನ ವೆನೇಡಿಯಂ ಕೊಳವೆ. ಚದುರಿದ ನ್ಯೂಟ್ರಾನ್‌ಗಳ ಎಣಿಕೆಯ ನಕ್ಷೆಯಲ್ಲಿ ವೆನೇಡಿಯಂನಿಂದ ತನ್ನದೇ ಶಿಖರಗಳು ಬಹುತೇಕ ಬರುವುದಿಲ್ಲ, ಅದಕ್ಕೇ ಅದು. 6 ಮಿ.ಮೀ. ವ್ಯಾಸದ ಡಬ್ಬಿಗೆ 4 ಸೆಂ.ಮೀ. ಎತ್ತರ ತುಂಬಲು ಮ್ಯಾಂಗನೀಸ್ ಆಕ್ಸೈಡ್‌ನಂಥ ಪುಡಿ ಅಂದಾಜು 4 ಗ್ರಾಂ ಬೇಕು. ಐದು ಗ್ರಾಂ ಒಯ್ದರೆ ನಿಶ್ಚಿಂತೆ. ತುಂಬುತ್ತಾ ಕೊಳವೆಯನ್ನು ಮೆಲ್ಲಗೆ ತಟ್ಟುತ್ತಿರಬೇಕು, ಇಲ್ಲದಿದ್ದರೆ ಪುಡಿ ಆಮೇಲೆ ಕುಸಿದು ಕಿರಣದ ಮೇಲುಭಾಗ ಖಾಲಿ ಉಳಿಯುತ್ತದೆ. ಮುಚ್ಚಳದಡಿ ಇಂಡಿಯಂ ತಂತಿಯ ಉಂಗುರ ಇಟ್ಟು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಮೆತ್ತಗಿನ ಇಂಡಿಯಂ ಓರೆಯಾಗಿ ಹಿಂಡಿ ಡಬ್ಬಿ ಸೋರುತ್ತದೆ. ಇಂಡಿಯಂ ನ್ಯೂಟ್ರಾನನ್ನು ಚೆನ್ನಾಗಿ ನುಂಗುವ ಲೋಹ. ಕಿರಣ ಅದಕ್ಕೆ ತಾಕದಂತೆ ಮುಚ್ಚಳಕ್ಕೆ ಕ್ಯಾಡ್ಮಿಯಂ ತಗಡು ಸುತ್ತುತ್ತಾರೆ.

ಈ ಮುಚ್ಚುವ ಕೆಲಸವೆಲ್ಲ ಹೀಲಿಯಂ ಅನಿಲದೊಳಗೆ ನಡೆಯಬೇಕು. ಡಬ್ಬಿಯನ್ನು ಕಡ್ಡಿಗೆ ಕಟ್ಟಿ ತೀರಾ ತಣ್ಣಗೆ ಮಾಡಿ ಅಳೆಯುವಾಗ, ಪುಡಿಯ ಕಣಗಳ ನಡುವೆ ಶಾಖ ಸಾಗಿಸುವುದು ಆ ಅನಿಲವೇ. ಹೀಲಿಯಂ ಸೋರಿ ಹೋದರೆ ಕಡ್ಡಿಯ ಮೇಲಿನ ತಾಪಮಾಪಕ 1.5 ಕೆಲ್ವಿನ್ ತೋರಿಸುತ್ತಿರುತ್ತದೆ, ಒಳಗಿನ ಪುಡಿ ಇನ್ನೂ ಬೆಚ್ಚಗಿರುತ್ತದೆ. 7 ಕೆಲ್ವಿನ್‌ಗೆ ಕಾಣಬೇಕಾದ ಕಾಂತೀಯ ಶಿಖರ ಕಾಣುವುದೇ ಇಲ್ಲ. ಪರೀಕ್ಷೆ ಸುಲಭ: ಒಂದೇ ತಾಪದಲ್ಲಿ ಎರಡು ಚಿಕ್ಕ ಓಟಗಳನ್ನು, ಅಂದರೆ ಅಳತೆಯ ಸರದಿಗಳನ್ನು, ದಾಖಲಿಸಿ ಒಂದರ ಮೇಲೊಂದು ಇಟ್ಟು ನೋಡುವುದು. ಎರಡನೆಯದರಲ್ಲಿ ಶಿಖರ ಬೆಳೆದಿದ್ದರೆ ಪುಡಿ ಇನ್ನೂ ತಣಿಯುತ್ತಿದೆ ಎಂದೇ ಅರ್ಥ.

ಇಲ್ಲಿ ಹೊತ್ತನ್ನು ಗಡಿಯಾರದಿಂದ ಅಳೆಯುವುದಿಲ್ಲ, ಗುರಿಗೆ ಬಿದ್ದ ಪ್ರೋಟಾನ್‌ಗಳ ಲೆಕ್ಕದಿಂದ, ಅಂದರೆ ಮೈಕ್ರೋಆ್ಯಂಪ್-ಗಂಟೆಗಳಲ್ಲಿ. ಎರಡನೆಯ ಗುರಿಯಲ್ಲಿ ಕಿರಣ 40 ಮೈಕ್ರೋಆ್ಯಂಪ್ ಇದ್ದರೆ 20 ಮೈಕ್ರೋಆ್ಯಂಪ್-ಗಂಟೆಯ ಓಟಕ್ಕೆ ಅರ್ಧ ಗಂಟೆ. ಕಿರಣ ನಡುವೆ ನಿಂತರೂ ಓಟ ಕೆಡುವುದಿಲ್ಲ, ಲೆಕ್ಕ ತುಂಬುವವರೆಗೆ ಕಾಯುತ್ತದೆ. ಅಷ್ಟರಲ್ಲಿ ಖಾಲಿ ಡಬ್ಬಿಯ ಓಟ, ವೆನೇಡಿಯಂ ಸರಳಿನ ಓಟ ಮರೆಯಬಾರದು. ಇವಿಲ್ಲದೆ ಹಿನ್ನೆಲೆಯನ್ನು ಕಳೆಯಲೂ ಆಗದು, ಶೋಧಕಗಳನ್ನು ಒಂದು ಹದಕ್ಕೆ ತರಲೂ ಆಗದು.

ಹಿಂದಿರುಗುವಾಗ ಪುಡಿ ಎಲ್ಲ ಸಲವೂ ಜೊತೆಗೆ ಬರುವುದಿಲ್ಲ. ನ್ಯೂಟ್ರಾನ್ ನುಂಗಿದ ಪರಮಾಣುಗಳು ವಿಕಿರಣಶೀಲವಾಗಿರುತ್ತವೆ. ಕಿರಣದಿಂದ ತೆಗೆದೊಡನೆ ವಿಕಿರಣಮಾಪಕ ಹಿಡಿದು ನೋಡುತ್ತಾರೆ. ಡಬ್ಬಿಯ ವೆನೇಡಿಯಂ-52 ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ಅರ್ಧವಾಗಿ ಬೇಗ ಅಡಗುತ್ತದೆ. ಪುಡಿಯ ಮ್ಯಾಂಗನೀಸ್-56ರ ಅರ್ಧಾಯುಷ್ಯ 2.58 ಗಂಟೆ, ಒಂದು ದಿನ ಕಳೆದರೆ ಆರುನೂರರಲ್ಲಿ ಒಂದು ಪಾಲಿನಷ್ಟು ಉಳಿಯುತ್ತದೆ. ಪುಡಿಯಲ್ಲಿ ಕೋಬಾಲ್ಟ್ ಇದ್ದರೆ ಕತೆ ಬೇರೆ: ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಅಂಥ ಡಬ್ಬಿ ಹೆಸರುಚೀಟಿ ಅಂಟಿಸಿಕೊಂಡು ಹಾರ್ವೆಲ್‌ನ ಕಪಾಟಿನಲ್ಲೇ ಉಳಿಯುತ್ತದೆ.