ಕಂಬನ ಕಂಬ

ಶ್ರೀರಂಗದಲ್ಲಿ ರಂಗನಾಥನ ದರ್ಶನ ಮುಗಿಸಿ ಸೀದಾ ಹೊರಗೆ ಬಂದುಬಿಡಬೇಡಿ. ತಾಯಾರ್ ಸನ್ನಿಧಿಯ, ಅಂದರೆ ರಂಗನಾಯಕಿ ಅಮ್ಮನವರ ಗುಡಿಯ, ಹತ್ತಿರ ಒಂದು ಕಲ್ಲಿನ ಮಂಟಪ ಇದೆ. ತಮಿಳಿನ ಕಂಬ ಕವಿ ತನ್ನ ರಾಮಾಯಣವನ್ನು ಮೊದಲು ಓದಿದ್ದು ಅಲ್ಲೇ ಎನ್ನುತ್ತಾರೆ. ಹತ್ತು ಸಾವಿರಕ್ಕೂ ಜಾಸ್ತಿ ಪದ್ಯಗಳ ಕಾವ್ಯ. ಅಷ್ಟು ಬರೆದವನು ಶುರುವಿನಲ್ಲೇ ತನ್ನನ್ನು ಬೆಕ್ಕಿಗೆ ಹೋಲಿಸಿಕೊಂಡಿದ್ದಾನೆ. ಹಾಲಿನ ಕಡಲನ್ನೆಲ್ಲ ನೆಕ್ಕಿ ಮುಗಿಸುತ್ತೇನೆ ಅಂತ ಹೊರಟ ಬೆಕ್ಕಂತೆ!

ಕಥೆ ವಾಲ್ಮೀಕಿಯದು. ಆದರೆ ಕಂಬ ಅದನ್ನು ಸುಮ್ನೆ ತಮಿಳಿಗೆ ತಂದವನಲ್ಲ. ಯುದ್ಧಕಾಂಡದಲ್ಲಿ ವಿಭೀಷಣ ಅಣ್ಣನಿಗೆ ಬುದ್ಧಿ ಹೇಳುತ್ತಾನಲ್ಲ, ಅಲ್ಲಿ ಹಿರಣ್ಯನ ಕಥೆಯನ್ನೇ ಪೂರ್ತಿ ಹೇಳಿಸುತ್ತಾನೆ. ವಾಲ್ಮೀಕಿಯಲ್ಲಿ ಇದಿಲ್ಲ, ಇಲ್ಲಿ ಯಾಕೆ ಬಂತು ಅಂತ ಪಂಡಿತರು ತಕರಾರು ತೆಗೆದರಂತೆ. ಆಗ ಎದುರಿನ ಗುಡಿಯಿಂದ ನರಸಿಂಹ ಗರ್ಜಿಸಿ ತಲೆದೂಗಿದ ಎಂದು ಕಥೆ. ಆ ನರಸಿಂಹನಿಗೆ ಮೇಟ್ಟಳಗಿಯ ಸಿಂಗರ್ ಎಂದು ಹೆಸರು. ದಿಬ್ಬದ ಮೇಲಿನ ಚೆಲುವ ಸಿಂಹ.

ಆ ಭಾಗದಲ್ಲಿ ಪ್ರಹ್ಲಾದ ಅಪ್ಪನಿಗೆ ಕೊಡುವ ಉತ್ತರ ಕೇಳಿ. ಹರಿ ಗೇಣಿನಲ್ಲೂ ಇದ್ದಾನೆ. ಅಣುವನ್ನು ನೂರು ಚೂರು ಮಾಡಿದರೆ ಆ ಚೂರಿನಲ್ಲೂ ಇದ್ದಾನೆ. ಮೇರು ಬೆಟ್ಟದಲ್ಲೂ ಇದ್ದಾನೆ, ಈ ಕಂಬದಲ್ಲೂ ಇದ್ದಾನೆ. ಕಂಬಕ್ಕೆ ಕಂಬ ಕವಿ ಬಳಸಿದ ಮಾತು ‘ತೂಣ್’, ಅದು ಬೇರೆ ತಮಾಷೆ. ಇಷ್ಟನ್ನು ನಮ್ಮ ಹರಿಕಥೆ ದಾಸರೂ ಹೇಳುತ್ತಾರೆ ಅನ್ನಿ. ಆಮೇಲೆ ಬರುತ್ತದೆ, ‘ನೀ ಸೊನ್ನ ಸೊಲ್ಲಿನುಂ ಉಳನ್’. ಸೊಲ್ಲು ನಮ್ಮದೂ ಅಲ್ವಾ, ಅರ್ಥ ಬಿಡಿಸಿ ಹೇಳಬೇಕಿಲ್ಲ. ಹರಿ ಇಲ್ಲ ಅಂದೆಯಲ್ಲ ಅಪ್ಪಾ, ಆ ಮಾತಿನೊಳಗೂ ಅವನೇ ಇದ್ದಾನೆ.

ಹಾಗಾದರೆ ತಕರಾರು ತೆಗೆದ ಪಂಡಿತರ ಸೊಲ್ಲಿನಲ್ಲೂ ಅವನೇ ಇದ್ದ ಅಂತಾಯಿತು. ಗರ್ಜನೆ ಅವರನ್ನು ಹೆದರಿಸಲು ಅಲ್ಲ, ನಾನಂತೂ ಹಾಗೇ ಅಂದುಕೊಂಡಿದ್ದೇನೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ನಾನೂ ಅಂದಿದ್ದೆ, ‘ದೇವರೂ ಇಲ್ಲ, ಗೀವರೂ ಇಲ್ಲ’ ಅಂತ. ಅಮ್ಮ ಕೇಳಿಸಿಕೊಂಡರೂ ಏನೂ ಹೇಳಲಿಲ್ಲ. ಸಿಂಗರ್ ಗುಡಿಯ ಮೆಟ್ಟಿಲು ಹತ್ತುವಾಗ ಆ ಮಾತು ನೆನಪಾಯಿತು. ಕ್ಷಮಿಸು ಅಂತ ಕೇಳೋಣ ಅಂದುಕೊಂಡೇ ಹೋದವನು, ಕೈಮುಗಿದು ನಿಂತಾಗ ಕೇಳಲೇ ಇಲ್ಲ.