ಪೂರಿ ಉಬ್ಬವಲ್ಲವು
ರಾಯಚೂರು, 21 ಏಪ್ರಿಲ್ 2024, ರವಿವಾರ

"ಅಕ್ಕಾ, ಹಿಟ್ಟು ಬದಲಿ ಮಾಡೀನಿ, ಎಣ್ಣಿ ಬದಲಿ ಮಾಡೀನಿ, ಆದ್ರೂ ಪೂರಿ ಉಬ್ಬವಲ್ಲವು. ಹಪ್ಪಳ ಆಗಿ ಕುಂದರ್ತಾವ," ಅಂದಳು ಮೇಲಿನ ಮನೆಯ ಹುಡುಗಿ.

"ಲಟ್ಟಿಸಿದ್ದು ಎಲ್ಲಿ ಇಡ್ತೀ?"

"ತಾಟಿನ್ಯಾಗ. ಎಲ್ಲಾ ಲಟ್ಟಿಸಿಟ್ಟು ಆಮ್ಯಾಲ ಗ್ಯಾಸ್ ಹಚ್ತೀನಿ."

"ಫ್ಯಾನು?"

"ಈ ಬಿಸಲಾಗ ಫ್ಯಾನ್ ಇಲ್ದ ಯಾರು ನಿಂದರ್ತಾರಕ್ಕಾ!"

ಸಿಕ್ಕಿತು. ತಪ್ಪು ಹಿಟ್ಟಿನದೂ ಅಲ್ಲ, ಎಣ್ಣೆಯದೂ ಅಲ್ಲ, ಫ್ಯಾನಿನದು. ಪೂರಿ ಉಬ್ಬುವುದು ಕಣಕದೊಳಗಿನ ನೀರು ಆವಿಯಾಗಿ ಎರಡು ಪದರ ಬಿಡಿಸುವುದರಿಂದ. ಲಟ್ಟಿಸಿದ ಪೂರಿಗೆ ಒಣಗಾಳಿ ಬಡಿದರೆ ಮೇಲೊಂದು ತೆಳು ಚಕ್ಕೆ ಕಟ್ಟುತ್ತದೆ, ಎಣ್ಣೆಗೆ ಬಿದ್ದೊಡನೆ ಅದು ಕೂದಲೆಳೆಯಷ್ಟು ಸೀಳುತ್ತದೆ. ಆವಿ ಅಲ್ಲಿಂದಲೇ ಹೋಗುತ್ತದೆ. ಹಾಗಾಗಿ ಉಂಡಿಗಳ ಮೇಲೆ ಹಿಂಡಿದ ಒದ್ದೆ ಬಟ್ಟೆ ಇರಲಿ. ಎಣ್ಣೆ ಕಾದ ಮೇಲೆಯೇ ಲಟ್ಟಿಸಿ, ನಾಕು ನಾಕು ಮಾತ್ರ. ಆ ಹತ್ತು ನಿಮಿಷ ಫ್ಯಾನು ಬಂದ್. ಬೆವರು ಬರುತ್ತೆ, ಬರಲಿ.

ಅಳತೆ ಕೇಳಿದ್ದಳು, ಬರೆದಿಡುತ್ತೇನೆ. ಗೋಧಿ ಹಿಟ್ಟು 250 ಗ್ರಾಂ, ಸಣ್ಣ ರವಾ 2 ಚಮಚ, ಉಪ್ಪು ಮತ್ತು ಸಕ್ಕರೆ ಅರ್ಧರ್ಧ ಚಮಚ, ಶೇಂಗಾ ಎಣ್ಣೆ 2 ಚಮಚ. ನೀರು 130 ಮಿಲಿ ಆಸುಪಾಸು, ಒಮ್ಮೆಲೇ ಸುರಿಯದೆ ಚಿಮುಕಿಸುತ್ತಾ. ಕಣಕ ಚಪಾತಿಯದಕ್ಕಿಂತ ಗಟ್ಟಿ ಇರಬೇಕು, ಬೆರಳೊತ್ತಿದರೆ ಅಂಟಬಾರದು. ಸಕ್ಕರೆ ಇರುವುದು ಬಣ್ಣಕ್ಕೆ. ರವಾ ಹೆಚ್ಚಾದರೆ ಲಟ್ಟಿಸುವಾಗ ಅಂಚು ಒಡೆಯುತ್ತದೆ. ನೆನೆಯಲು 15 ನಿಮಿಷ ಸಾಕು, ನಮ್ಮ ಬೇಸಿಗೆಯಲ್ಲಿ ಅರ್ಧ ತಾಸು ಬಿಟ್ಟರೆ ಮೆತ್ತಗಾಗಿ ಎಣ್ಣೆ ಕುಡಿಯುತ್ತದೆ. ಇಷ್ಟರಲ್ಲಿ 18-20 ಪೂರಿ ಆಗುತ್ತವೆ.

ಒಣಹಿಟ್ಟು ಹಚ್ಚಿ ಲಟ್ಟಿಸಲೇಬೇಡಿ! ಉದುರಿದ ಹಿಟ್ಟು ಬಾಂಡ್ಲಿಯ ತಳದಲ್ಲಿ ಕರಿದು ಮುಂದಿನ ಪೂರಿಗೆಲ್ಲ ಕಪ್ಪು ಚುಕ್ಕಿ ಹಾಕುತ್ತದೆ. ಮಣೆಗೆ ಎರಡು ಹನಿ ಎಣ್ಣೆ ಸವರಿ. ನಡು ತೆಳ್ಳಗೆ, ಅಂಚು ದಪ್ಪ ಆಗದಂತೆ ಲಟ್ಟಣಿಗೆ ಆಡಿಸಿ. ಮಡಿಕೆ ಬಿದ್ದ ಪೂರಿ ಅರ್ಧವೇ ಉಬ್ಬುತ್ತದೆ.

ಎಣ್ಣೆಗೆ ಚೂರು ಕಣಕ ಹಾಕಿ. ತಕ್ಷಣ ಮೇಲೆ ಬಂದರೆ ಸರಿ, ತಳ ಹಿಡಿದು ಕೂತರೆ ಇನ್ನೂ ಕಾಯಬೇಕು, ಹೊಗೆ ಎದ್ದರೆ ಉರಿ ಇಳಿಸಿ. ಪೂರಿಯನ್ನು ಬಾಂಡ್ಲಿಯ ಅಂಚಿನಿಂದ ಜಾರಿಸಿ ಬಿಡಿ. ಮೇಲೇಳುವಾಗ ಝಾರಿಯ ಬೆನ್ನಿನಿಂದ ಮೆಲ್ಲಗೆ ಒತ್ತಿ, ಎಣ್ಣೆ ಮೇಲೆ ಹಾಯಬೇಕು ಅಷ್ಟೇ. ಜೋರು ಒತ್ತಿದರೆ ಒಡೆದು ಒಳಗೆ ಎಣ್ಣೆ ತುಂಬುತ್ತದೆ. ಉಬ್ಬಿದ ಮೇಲೆ ಒಂದೇ ಸಲ ತಿರುವಿ. ಒಂದು ತೆಗೆದು ಇನ್ನೊಂದು ಬಿಡುವ ಮುನ್ನ ಎಣ್ಣೆಗೆ ಅರೆಗಳಿಗೆ ಕೊಡಿ.

"ಚಿಟಿಕೆ ಸೋಡಾ ಹಾಕ್ಲೇನಕ್ಕಾ?" ಅಂತ ಮೆಟ್ಟಿಲು ಹತ್ತುತ್ತಾ ಕೇಳಿದಳು. ಬೇಡ ಮಾರಾಯ್ತಿ. ಪೂರಿ ಎಣ್ಣೆ ಹೀರುವುದಕ್ಕೆ ಅದೊಂದು ಸಾಕು. ಭಟೂರೆಯ ಮಾತು ಬೇರೆ. ಅದು ಮೈದಾ, ಮೊಸರು, ಕಣಕವೂ ಮೆತ್ತಗೆ, ಒಂದೆರಡು ತಾಸು ಮುಚ್ಚಿಡಬೇಕು, ಆದರೆ ಈ ಸೆಕೆಗೆ ಮೊಸರು ಹುಳಿ ಏರುವ ವೇಗ ನೋಡಿದರೆ…