ಆಟೋಮ್ಯಾಟಿಕ್ ಅಂದ ಮೇಲೆ ನಿನಗೇನು ಕೆಲಸ?

ಕಳೆದ ತಿಂಗಳು ರಾಜಾಜಿನಗರದ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಚಿಕ್ಕಪ್ಪ ಮತ್ತೆ ಕೇಳಿದರು: "ಆಟೋಮ್ಯಾಟಿಕ್ ಡಿಫರೆನ್ಷಿಯೇಷನ್ ಅಂತೀಯಲ್ಲಮ್ಮ, ಎಲ್ಲಾ ತಾನೇ ಆಗೋದಾದ್ರೆ ನೀನೇನು ಮಾಡ್ತೀಯ?" ಎಲೆಗೆ ಹೋಳಿಗೆ ಬೀಳುವುದರೊಳಗೆ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ.

ನಾನು ಕೆಲಸ ಮಾಡುವ ಸಾಗರದ ಮಾದರಿ ಎಂದರೆ ಒಂದು ದೊಡ್ಡ ಪ್ರೋಗ್ರಾಂ. ಗಾಳಿ, ಬಿಸಿಲು, ಆರಂಭದ ಉಷ್ಣತೆ ಮತ್ತು ಲವಣಾಂಶ ಕೊಟ್ಟರೆ ಅದು ಮುಂದಿನ ಪ್ರವಾಹಗಳನ್ನು ಲೆಕ್ಕ ಹಾಕುತ್ತದೆ. ನನಗೆ ಬೇಕಾಗಿರುವುದು ಇದರ ತಿರುಗುಮುರುಗು: ಅಟ್ಲಾಂಟಿಕ್‌ನ ಒಂದು ರೇಖೆಯನ್ನು ದಾಟುವ ಶಾಖ ಎಲ್ಲಿಯ ಗಾಳಿಗೆ, ಎಲ್ಲಿಯ ನೀರಿನ ಉಷ್ಣತೆಗೆ ಎಷ್ಟು ಸ್ಪಂದಿಸುತ್ತದೆ? ಮಾದರಿಯಲ್ಲಿ ಒಂದು ಕೋಟಿ ಅಂಕಿಗಳಿದ್ದರೆ, ಒಂದೊಂದನ್ನೇ ಅಲುಗಿಸಿ ನೋಡಲು ಅದನ್ನು ಕೋಟಿ ಬಾರಿ ಓಡಿಸಬೇಕು. ಅಡ್ಜಾಯಿಂಟ್ ಮಾದರಿ ಕಾಲದಲ್ಲಿ ಹಿಮ್ಮುಖವಾಗಿ ಒಮ್ಮೆ ಓಡಿ ಎಲ್ಲಕ್ಕೂ ಉತ್ತರ ಕೊಡುತ್ತದೆ. ಖರ್ಚು ಮೂಲ ಓಟದ ಕೆಲವೇ ಪಟ್ಟು. ಅದನ್ನು ಕೈಯಲ್ಲಿ ಬರೆದರೆ ಮೂಲ ಕೋಡ್ ಬದಲಾದಾಗಲೆಲ್ಲ ಮತ್ತೆ ಬರೆಯಬೇಕು. ಆದ್ದರಿಂದಲೇ ಮೂಲ ಕೋಡ್ ಓದಿ ಅದರ ಅಡ್ಜಾಯಿಂಟನ್ನು ತಾವೇ ಬರೆದುಕೊಡುವ ಟ್ಯಾಮ್ಕ್, ಅದರ ನಂತರ ಬಂದ ಟ್ಯಾಫ್, ಫ್ರಾನ್ಸ್‌ನ ಟ್ಯಾಪೆನೇಡ್, ಓಪನ್‌ಎಡಿಯಂಥ ಟೂಲ್‌ಗಳು ಹುಟ್ಟಿಕೊಂಡವು. ಅಮೆರಿಕದ ಎಂಐಟಿಯ ಸಾಗರ ಮಾದರಿಗೆ ಟ್ಯಾಮ್ಕ್‌ನಿಂದ ಕಟ್ಟಿದ ಅಡ್ಜಾಯಿಂಟ್ 1999ರಲ್ಲಿ ಪ್ರಕಟವಾದದ್ದು ಅಟ್ಲಾಂಟಿಕ್ ಶಾಖದ ಇದೇ ಪ್ರಶ್ನೆಯೊಂದಿಗೆ.

ಡಿಫರೆನ್ಷಿಯೇಷನ್ ಎಂದರೆ ಅವಕಲನ, ಒಂದನ್ನು ಅಲುಗಿಸಿದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ದರದ ಲೆಕ್ಕ. ಈ ಟೂಲ್‌ಗಳಲ್ಲಿ ಆಟೋಮ್ಯಾಟಿಕ್ ಆಗಿರುವುದು ಅವಕಲನದ ಸರಪಳಿ ನಿಯಮವನ್ನು, ಅಂದರೆ ಒಂದೊಂದು ಹೆಜ್ಜೆಯ ದರಗಳನ್ನು ಗುಣಿಸಿ ಜೋಡಿಸುವ ನಿಯಮವನ್ನು, ಸಾಲುಸಾಲಿಗೆ ಹಚ್ಚುವ ಕೆಲಸವಷ್ಟೇ. ಹಿಮ್ಮುಖವಾಗಿ ಹೋಗಲು ಮುಂದೆ ಹೋದಾಗಿನ ಸ್ಥಿತಿಗಳು ಬೇಕು. ಗಂಟೆಗೊಂದು ಹೆಜ್ಜೆಯಂತೆ ವರ್ಷಕ್ಕೆ 8760 ಸ್ಥಿತಿಗಳನ್ನು ಹಿಡಿಸುವ ಮೆಮೊರಿ ಸಿಗುವುದು ಕಷ್ಟ. ವರ್ಷವನ್ನು 21 ತುಂಡು ಮಾಡಿ, ಒಂದೊಂದು ತುಂಡನ್ನೂ ಮತ್ತೆ 21, ಅದರ ಒಂದೊಂದನ್ನೂ ಮತ್ತೆ 21 ಮಾಡಿ ಹೀಗೆ ಮೂರು ಹಂತಗಳಲ್ಲಿ ವಿಂಗಡಿಸಿದರೆ ಒಮ್ಮೆಗೆ 60ರ ಆಸುಪಾಸು ಸ್ಥಿತಿಗಳನ್ನು ಇಟ್ಟುಕೊಂಡರೆ ಸಾಕು, ಆದರೆ ಮುಮ್ಮುಖ ಲೆಕ್ಕವನ್ನು ಹಲವು ಬಾರಿ ಮತ್ತೆ ಮಾಡಬೇಕು. ಈ ವಿಂಗಡಣೆಯನ್ನು ಯಂತ್ರಕ್ಕೆ ತಕ್ಕಂತೆ ನಾವೇ ನಿರ್ಧರಿಸುತ್ತೇವೆ.

ಒಮ್ಮೆ ನನ್ನ ಫಲಿತಾಂಶದ ತುಂಬ ಅಂಕಿಯೇ ಅಲ್ಲದ ಮೌಲ್ಯಗಳು ಬಂದವು. ಗಾಳಿಯ ವೇಗವೆಂದರೆ ಅದರ ಎರಡು ಘಟಕಗಳ ವರ್ಗಗಳ ಮೊತ್ತದ ವರ್ಗಮೂಲ. ನೆಲದ ಮೇಲಿನ ಚೌಕಗಳಲ್ಲಿ ಎರಡೂ ಸೊನ್ನೆಯಾಗಿದ್ದವು. ಸೊನ್ನೆಯ ವರ್ಗಮೂಲ ಸೊನ್ನೆಯೇ, ಮುಮ್ಮುಖ ಓಟಕ್ಕೆ ಏನೂ ತೊಂದರೆಯಿಲ್ಲ. ಆದರೆ ಅಲ್ಲಿ ವರ್ಗಮೂಲದ ಅವಕಲನ ಅನಂತ, ಆ ಅನಂತವನ್ನು ಸೊನ್ನೆಯಿಂದ ಗುಣಿಸಿದ್ದೇ ತಡ, ಅಂಕಿಯಲ್ಲದ ಮೌಲ್ಯ ಹುಟ್ಟಿ ಆ ವಿಷ ಹಿಮ್ಮುಖವಾಗಿ ಇಡೀ ಸಾಗರಕ್ಕೆ ಹರಡಿತು. ಟೂಲ್ ತಪ್ಪು ಮಾಡಿರಲಿಲ್ಲ, ಹೇಳಿದ್ದನ್ನೇ ಮಾಡಿತ್ತು. ಸಾವಿರಾರು ಸಾಲುಗಳಲ್ಲಿ ಆ ಒಂದು ಸಾಲನ್ನು ಹುಡುಕಲು ನನಗೆ ಮೂರು ವಾರ ಹಿಡಿಯಿತು, ಆ ಮೂರು ವಾರಗಳನ್ನು ಯಾರೂ "ತಾನೇ ಆಗುತ್ತದೆ" ಎನ್ನಬಾರದು ಎಂದು ನನಗೆ ಅನ್ನಿಸುತ್ತದೆ.

ನಿಜವಾಗಿ ಕೇಳಬೇಕಾದದ್ದು, ಬಂದ ಉತ್ತರವನ್ನು ನಂಬುವುದು ಹೇಗೆ ಎಂದು. ಒಂದು ಭಾಗ ಸುಲಭ: ಒಂದು ಬಿಂದುವನ್ನು ಸ್ವಲ್ಪವೇ ಅಲುಗಿಸಿ, ಮೂಲ ಮಾದರಿಯನ್ನು ಎರಡು ಬಾರಿ ಓಡಿಸಿ ವ್ಯತ್ಯಾಸವನ್ನು ಅಡ್ಜಾಯಿಂಟ್ ಉತ್ತರಕ್ಕೆ ಹೋಲಿಸುತ್ತೇವೆ. ಇದರಲ್ಲಿ ಗೆದ್ದ ಅವಕಲನವೂ ನಿರುಪಯುಕ್ತವಾಗಿರಬಹುದು. ಸುಳಿಗಳು ತುಂಬಿದ ಸೂಕ್ಷ್ಮ ಮಾದರಿಯನ್ನು ದೀರ್ಘಕಾಲ ಹಿಮ್ಮುಖವಾಗಿ ಓಡಿಸಿದರೆ, ಅತಿ ಸಣ್ಣ ಬದಲಾವಣೆಯೂ ಘಾತೀಯವಾಗಿ ಬೆಳೆದು, ಲೆಕ್ಕದಲ್ಲಿ ಪೂರ್ತಿ ಸರಿಯಾದ ಅವಕಲನವು ದೊಡ್ಡ ಪ್ರವಾಹಗಳ ಬಗ್ಗೆ ಏನನ್ನೂ ಹೇಳದ ಸಂಖ್ಯೆಯಾಗುತ್ತದೆ. ಆಗ ಹಿಮ್ಮುಖ ಓಟದಲ್ಲಿ ಮಾತ್ರ ಸ್ನಿಗ್ಧತೆಯನ್ನು, ಅಂದರೆ ಹರಿವನ್ನು ತಡೆಯುವ ನೀರಿನ ಅಂಟುತನವನ್ನು, ಹೆಚ್ಚಿಸುವುದು ರೂಢಿಯಲ್ಲಿದೆ. ತೀರಾ ಹೆಚ್ಚಿಸಿದರೆ ಅದು ಬೇರೆಯೇ ಸಾಗರದ ಅಡ್ಜಾಯಿಂಟ್ ಆಗುತ್ತದೆ, ಕಡಿಮೆಯಾದರೆ ಉತ್ತರ ಸ್ಫೋಟಿಸುತ್ತದೆ. ಎಷ್ಟಿರಬೇಕೆಂದು ಯಾವ ಟೂಲೂ ಹೇಳುವುದಿಲ್ಲ. ಈ ವಾರ ನಾನು ಬಂಗಾಳ ಕೊಲ್ಲಿಯ ಲೆಕ್ಕವನ್ನು ಮೂರು ಬೇರೆ ಬೇರೆ ಸ್ನಿಗ್ಧತೆಗಳಲ್ಲಿ ಓಡಿಸಿ, ಮೂರು ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದೇನೆ ಚಿಕ್ಕಪ್ಪ.